ಟೌನ್‌ಹಾಲಿನಿಂದ ವಿಧಾನಸೌಧಕ್ಕೆ

ರಾಜ್ಯೋತ್ಸವದ ವೇದಿಕೆಗೆ ಪರದೆ ಕಟ್ಟುವಾಗ ನಮ್ಮವರು ಸಾಮಾನ್ಯವಾಗಿ ಎರಡು ಚಿತ್ರಗಳನ್ನು ಆರಿಸುತ್ತಾರೆ. ಒಂದು ತಾಯಿ ಭುವನೇಶ್ವರಿಯದು, ಇನ್ನೊಂದು ಬೆಂಗಳೂರಿನ ವಿಧಾನಸೌಧದ್ದು. ಎರಡೂ ತಕ್ಕವೇ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಮೂರನೆಯ ಚಿತ್ರವೊಂದಕ್ಕೂ ಅಲ್ಲಿ ಸ್ಥಳ ಮಾಡಿಕೊಡಬೇಕೆಂದು ನನಗೆ ಬಹುದಿನಗಳಿಂದ ತೋರಿದೆ. ಅದು ಇದೇ ಊರಿನ ನಾಂಪಲ್ಲಿ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ಪಬ್ಲಿಕ್ ಗಾರ್ಡನ್ಸ್ ಎಂದು ಕರೆಯುವ ಉದ್ಯಾನದ ಬಳಿ, ಗುಮ್ಮಟಗಳನ್ನು ಹೊತ್ತು ನಿಂತಿರುವ ಬಿಳಿಯ ಕಟ್ಟಡದ ಚಿತ್ರ. ಊರಿನವರು ಅದನ್ನು ಹಳೆಯ ಅಸೆಂಬ್ಲಿ ಎನ್ನುತ್ತಾರೆ. ನಮ್ಮಲ್ಲಿ ಅನೇಕರು ದಿನವೂ ಬಸ್ಸಿನಲ್ಲೋ ಮೆಟ್ರೋದಲ್ಲೋ ಅದರ ಮಗ್ಗುಲಿಗೇ ಹಾದು ಕೆಲಸಕ್ಕೆ ಹೋಗುತ್ತೇವೆ. ಅದು ಪರರ ಮನೆ ಎಂಬ ಭಾವನೆಯಿಂದಲೇ ಹೋಗುತ್ತೇವೆ. ವಾಸ್ತವವಾಗಿ 1952ರಿಂದ 1956ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ವಿಧಾನಸಭೆ ಎಂದರೆ ಅದೇ ಕಟ್ಟಡವಾಗಿತ್ತು.

ಈ ಸಂಗತಿಯನ್ನು ವಾಚಕರ ಮುಂದಿಡುವುದೇ ಲೇಖನದ ಉದ್ದೇಶ. ನಾನು ಇತಿಹಾಸದ ಪಂಡಿತನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಒಂದು ಖಾತೆ ಯಾರ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡಿ ಹೇಳುವುದು ನನ್ನ ದಿನನಿತ್ಯದ ಕೆಲಸ. ಈ ಕಟ್ಟಡದ ಖಾತೆಯಲ್ಲಿ ನಮ್ಮ ಹೆಸರೂ ಇದೆ ಎಂಬುದನ್ನು ಮಾತ್ರ ಇಲ್ಲಿ ತೋರಿಸಲು ಯತ್ನಿಸುತ್ತೇನೆ.

ಶಾಸನ ಮಾಡುವ ಸಭೆಗೆ ತನ್ನದೇ ಆದ ಮನೆ ಎಂಬುದು ಅನೇಕ ದೇಶಗಳಲ್ಲಿ ತಡವಾಗಿ ಬಂದದ್ದು. ಮೊದಲು ಸಭೆ ಹುಟ್ಟುತ್ತದೆ; ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತದೆ; ಮನೆ ಆಮೇಲೆ. ಇಂಗ್ಲೆಂಡಿನ ಕಾಮನ್ಸ್ ಸಭೆ ಹದಿನಾರನೆಯ ಶತಮಾನದ ನಡುವಿನಿಂದ 1834ರಲ್ಲಿ ಬೆಂಕಿ ಬೀಳುವವರೆಗೆ ಕುಳಿತದ್ದು ವೆಸ್ಟ್‌ಮಿನ್‌ಸ್ಟರ್ ಅರಮನೆಯ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ. ಅಲ್ಲಿ ಎದುರುಬದುರಾಗಿದ್ದ ಪೀಠಗಳ ಕ್ರಮದಿಂದಲೇ ಆಳುವ ಪಕ್ಷ ಒಂದು ಕಡೆ, ವಿರೋಧ ಪಕ್ಷ ಅದರ ಇದಿರಿಗೆ ಕೂರುವ ಪದ್ಧತಿ ಬಂತೆಂದು ಹೇಳುತ್ತಾರೆ. ನಮ್ಮ ಮೈಸೂರಿನ ಕಥೆಯೂ ಬೇರೆಯಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅದಕ್ಕೆಂದು ಕಟ್ಟಡವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಾಗ ಅದರ ಮೊದಲ ಅಧಿವೇಶನ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಸೇರಿತು. ಸ್ವಾತಂತ್ರ್ಯಾನಂತರದ ಮೈಸೂರು ವಿಧಾನಸಭೆ 1952ರ ಜೂನ್ 18ರಂದು ಮೊದಲು ಸೇರಿದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಹದಿನೆಂಟು ಇಲಾಖೆಗಳಿಗಾಗಿ 1868ರಲ್ಲಿ ಕಟ್ಟಿ ಮುಗಿಸಿದ ಕೆಂಪು ಕಟ್ಟಡವದು. ಉರ್ದು ಕಿವಿಗೆ ಬೀಳುವ ಊರಿನಲ್ಲಿರುವ ನಮಗೆ ‘ಅಠಾರಾ’ ಎಂದರೇನೆಂದು ವಿವರಿಸಬೇಕಾಗಿಲ್ಲ. ಈಗ ಅಲ್ಲಿ ಉಚ್ಚ ನ್ಯಾಯಾಲಯವಿದೆ.

ಹೈದರಾಬಾದಿನ ಟೌನ್‌ಹಾಲು ಸಹ ಶಾಸನಸಭೆಗೆಂದು ಕಟ್ಟಿದ್ದಲ್ಲ. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ನಲವತ್ತನೆಯ ಹುಟ್ಟುಹಬ್ಬದ ನೆನಪಿಗಾಗಿ ನಗರದ ಪ್ರಜೆಗಳು ಚಂದಾ ಕೂಡಿಸಿ ಎಬ್ಬಿಸಿದ ಸಾರ್ವಜನಿಕ ಸಭಾಮಂದಿರವದು. 1905ರಲ್ಲಿ ಕೆಲಸ ಆರಂಭವಾಯಿತು. ನಡುವೆ 1908ರಲ್ಲಿ ಮೂಸಿ ನದಿಯ ಮಹಾಪ್ರವಾಹ ಬಂದು ಊರೇ ತತ್ತರಿಸಿತು. 1911ರಲ್ಲಿ ಮಹಬೂಬ್ ಅಲಿ ಖಾನರು ಕಾಲವಾದರು. 1913ರಲ್ಲಿ ಕಟ್ಟಡ ಮುಗಿದಾಗ ಪಟ್ಟದಲ್ಲಿದ್ದವರು ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರು. ಮೊಗಲರ ಗುಮ್ಮಟ, ರಾಜಸ್ಥಾನದ ಛತ್ರಿ, ಸಾಲುಗಮಾನುಗಳು ಒಂದರೊಡನೊಂದು ಹೊಂದಿಕೊಂಡಿರುವ ಅದರ ಚೆಲುವನ್ನು ವಾಚಕರು ಕಣ್ಣಾರೆ ಕಂಡಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದು ಪ್ರಜೆಗಳ ವಂತಿಗೆಯಿಂದ ಎದ್ದಿತು ಎಂಬ ಮಾತು. ಪ್ರಭುವಿನ ಗೌರವಕ್ಕೆಂದು ಪ್ರಜೆಗಳು ಕಟ್ಟಿದ ಮಂದಿರದಲ್ಲಿ, ನಲವತ್ತು ವರ್ಷಗಳೂ ಕಳೆಯುವಷ್ಟರಲ್ಲಿ, ಪ್ರಜೆಗಳ ಪ್ರತಿನಿಧಿಗಳೇ ಕುಳಿತರು.

ಆ ನಲವತ್ತು ವರ್ಷಗಳು ಸುಲಭದವಾಗಿರಲಿಲ್ಲ. ನಿಜಾಮರ ರಾಜ್ಯದಲ್ಲಿ 1893ರಷ್ಟು ಹಿಂದೆಯೇ ಶಾಸನ ಮಂಡಲಿಯೊಂದು ಇದ್ದಿತಾದರೂ ಅದು ಜನರು ಮತ ಹಾಕಿ ಕಳುಹಿಸಿದ ಸಭೆಯಾಗಿರಲಿಲ್ಲ. ಆಡಳಿತ ನಡೆಯುತ್ತಿದ್ದುದು ಉರ್ದುವಿನಲ್ಲಿ. ರಾಯಚೂರಿನ ರೈತನಿಗೂ ಬೀದರದ ಕುಶಲಕರ್ಮಿಗೂ ಕಚೇರಿಯ ಕಾಗದವೆಂದರೆ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ವಸ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸರ್ಕಾರ ಶರಣಾಯಿತು. ಸಂವಿಧಾನ ಬಂದು, ವಯಸ್ಕರೆಲ್ಲರಿಗೂ ಮತ ದೊರೆತು, 1952ರ ಆರಂಭದಲ್ಲಿ ಹೈದರಾಬಾದು ರಾಜ್ಯದ ಮೊದಲ ವಿಧಾನಸಭೆಗೆ ಚುನಾವಣೆ ನಡೆಯಿತು. ಅರಸನ ಹೆಸರಿನ ಟೌನ್‌ಹಾಲು ಆಗ ಜನರ ಸಭೆಗೆ ಮನೆಯಾಯಿತು.

ಆ ಸಭೆಯಲ್ಲಿದ್ದ ಸ್ಥಾನಗಳು 175. ರಾಜ್ಯದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ನಮ್ಮವು. 1952ರ ಮಾರ್ಚಿಯಲ್ಲಿ ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಕಾಶೀನಾಥರಾವ್ ವೈದ್ಯರು ಸಭಾಧ್ಯಕ್ಷರಾದರು. ಉಪಸಭಾಧ್ಯಕ್ಷ ಪದವಿ ನಮ್ಮ ಕಡೆಯ ಪಂಪನಗೌಡ ಸಕ್ರೆಪ್ಪನವರಿಗೆ ಬಂತು. ಮಂತ್ರಿಮಂಡಲದಲ್ಲಿ ಅಣ್ಣಾರಾವ್ ಗಣಮುಖಿಯವರಿದ್ದರು. ಆಳಂದದಿಂದ ಆರಿಸಿ ಬಂದಿದ್ದ ತರುಣ ವಕೀಲರಾದ ವೀರೇಂದ್ರ ಪಾಟೀಲರು ಶಾಸಕರಾಗಿ ಮೊದಲು ಕುಳಿತದ್ದು ಈ ಟೌನ್‌ಹಾಲಿನ ಪೀಠಗಳಲ್ಲೇ. ಅವರೇ ಮುಂದೆ 1968ರಲ್ಲಿ ಮೈಸೂರಿಗೂ, 1989ರಲ್ಲಿ ಕರ್ನಾಟಕಕ್ಕೂ ಮುಖ್ಯಮಂತ್ರಿಗಳಾದರು. ವಿಧಾನಸೌಧದ ಉನ್ನತ ಪೀಠವೇರಿದ ವ್ಯಕ್ತಿ ಸಭೆಯ ಮೊದಲ ಪಾಠ ಕಲಿತದ್ದು ನಮ್ಮ ನಾಂಪಲ್ಲಿಯ ಹತ್ತಿರ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಡವೆ?

ಮೂರು ನುಡಿಗಳ ಜನರ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತ ಸಭೆಯಲ್ಲಿ ಮಾತು ಯಾವ ಭಾಷೆಯಲ್ಲಿ ನಡೆಯಬೇಕು? ಉರ್ದು, ಹಿಂದಿ, ಇಂಗ್ಲಿಷುಗಳೇ ಹೆಚ್ಚಾಗಿ ಆಶ್ರಯವಾದವು. ಆದರೆ ಸಂವಿಧಾನದ 210ನೆಯ ವಿಧಿ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಭೆಯ ಭಾಷೆಗಳಲ್ಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿಯೇ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಯಾರದೋ ಕೈಯಿಂದ ಅರ್ಜಿ ಬರೆಸುತ್ತಿದ್ದ ಜಿಲ್ಲೆಗಳಿಂದ ಬಂದವನಿಗೆ ಈ ಹಕ್ಕಿನ ಬೆಲೆ ಎಷ್ಟೆಂಬುದನ್ನು ಊಹಿಸಬಹುದು. ಆ ಸಭೆ ಮಾಡಿದ ಕೆಲಸವೂ ಹಗುರವಲ್ಲ. ಗೇಣಿದಾರರ ಹಕ್ಕುಗಳನ್ನು ಕುರಿತ 1950ರ ಹೈದರಾಬಾದು ಕಾಯಿದೆಗೆ 1954ರಲ್ಲಿ ಆದ ತಿದ್ದುಪಡಿಗಳು ಇಲ್ಲಿಯವೇ. ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ ಸೇರಿದ ಮೇಲೆಯೂ, 1961ರ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬರುವವರೆಗೆ, ಅಲ್ಲಿನ ಹೊಲಗಳ ಗೇಣಿಯ ಲೆಕ್ಕ ಟೌನ್‌ಹಾಲಿನ ಕಾಯಿದೆಯಂತೆಯೇ ನಡೆಯಿತು. ಸಭೆ ಎದ್ದುಹೋದರೂ ಅದರ ಮಾತು ಉಳಿಯುತ್ತದೆ.

ಇನ್ನು ಆ ಸಭೆ ಎದ್ದುಹೋದ ಬಗೆ. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿಯನ್ನು ಒಪ್ಪಿಸಿತು. ರಾಯಚೂರು, ಗುಲ್ಬರ್ಗ ಜಿಲ್ಲೆಗಳು ಕರ್ನಾಟಕಕ್ಕೆ ಸೇರಬೇಕೆಂದೂ, ಬೀದರವು ತೆಲಂಗಾಣದೊಡನೆ ಹೈದರಾಬಾದು ರಾಜ್ಯದಲ್ಲಿಯೇ ಉಳಿಯಬೇಕೆಂದೂ ಅದರ ಸಲಹೆ. ವರ್ಷದ ಕೊನೆಯಲ್ಲಿ ಟೌನ್‌ಹಾಲಿನ ಸಭೆ ಈ ವರದಿಯನ್ನು ಚರ್ಚೆಗೆ ತೆಗೆದುಕೊಂಡಿತು. ಒಂದು ಸಭೆ ತಾನು ಇರಬೇಕೆ ಬೇಡವೆ ಎಂಬುದನ್ನೇ ತಾನು ಚರ್ಚಿಸುವುದು ಲೋಕದಲ್ಲಿ ಅಪರೂಪ. ಅಭಿಪ್ರಾಯ ತಿಳಿಸಿದ 147 ಸದಸ್ಯರಲ್ಲಿ 103 ಮಂದಿ ವಿಶಾಲಾಂಧ್ರದ ಕಡೆಗೆ, 29 ಮಂದಿ ಪ್ರತ್ಯೇಕ ತೆಲಂಗಾಣದ ಕಡೆಗೆ ಒಲಿದರು. ಆ 103ರಲ್ಲಿ ಕನ್ನಡ, ಮರಾಠಿ ಸದಸ್ಯರೂ ಸೇರಿದ್ದರು. ತಮ್ಮ ತಮ್ಮ ನಾಡನ್ನು ಕೂಡಿಕೊಳ್ಳಲು ಹೊರಟಿದ್ದವರು, ನೆರೆಯವರ ನಾಡು ಹೇಗಿರಬೇಕೆಂಬ ವಿಷಯದಲ್ಲಿಯೂ ಮಾತು ಕೊಟ್ಟು ಹೋದರು. ಮುಂದೆ ಈ ಊರು ಕಂಡ 1969ರ ಚಳವಳಿಯನ್ನೂ, ಅದರಲ್ಲಿ ಮಡಿದವರಿಗಾಗಿ ಅಸೆಂಬ್ಲಿಯ ಎದುರಿನ ಗನ್ ಪಾರ್ಕಿನಲ್ಲಿ ನಿಂತಿರುವ ಸ್ತೂಪವನ್ನೂ ನೆನೆದಾಗ, ಆ ಮಾತು ಎಷ್ಟು ಭಾರದ್ದೆಂದು ತಿಳಿಯುತ್ತದೆ.

ಬೀದರದ ವಿಷಯದಲ್ಲಿ ಆಯೋಗದ ಸಲಹೆ ನಿಲ್ಲಲಿಲ್ಲ. 1956ರ ಕಾಯಿದೆ ಬೀದರ ಜಿಲ್ಲೆಯ ಕನ್ನಡ ಭಾಗವನ್ನೂ ಮೈಸೂರಿಗೆ ಸೇರಿಸಿತು. ಆದರೆ ಗುಲ್ಬರ್ಗ ಜಿಲ್ಲೆಯ ಕೊಡಂಗಲ್, ತಾಂಡೂರು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ. ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡ ಮುಂತಾದ ಭಾಗಗಳು ಆಂಧ್ರಪ್ರದೇಶಕ್ಕೆ ಬಂದವು. 2023ರ ಡಿಸೆಂಬರಿನಲ್ಲಿ ತೆಲಂಗಾಣದ ಮುಖ್ಯಮಂತ್ರಿಗಳಾದ ರೇವಂತ ರೆಡ್ಡಿಯವರು ಆರಿಸಿ ಬಂದದ್ದು ಅದೇ ಕೊಡಂಗಲ್ಲಿನಿಂದ. 1956ರವರೆಗೆ ಅದು ಗುಲ್ಬರ್ಗ ಜಿಲ್ಲೆಯ ತಾಲ್ಲೂಕಾಗಿತ್ತು ಎಂಬುದನ್ನು ಈಗ ಎಷ್ಟು ಮಂದಿ ಬಲ್ಲರು?

1956ರ ನವೆಂಬರ್ 1ರಂದು ನಮ್ಮ ಸದಸ್ಯರು ಟೌನ್‌ಹಾಲನ್ನು ಬಿಟ್ಟರು. ಅದೇ ಡಿಸೆಂಬರಿನಲ್ಲಿ ಕರ್ನೂಲಿನಿಂದ ಬಂದ ಆಂಧ್ರದ ಸದಸ್ಯರೂ ತೆಲಂಗಾಣದ ಸದಸ್ಯರೂ ಕೂಡಿ ಅಲ್ಲಿ ಕುಳಿತರು. ನಮ್ಮವರಿಗೆ ಬೆಂಗಳೂರಿನಲ್ಲಿ ಹೊಸ ಮನೆ ಸಿದ್ಧವಾಗಿತ್ತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಶಿಲಾನ್ಯಾಸ ಮಾಡಿದ ವಿಧಾನಸೌಧವನ್ನು ಕೆಂಗಲ್ ಹನುಮಂತಯ್ಯನವರು ಹಿರಿದಾಗಿ ಕಲ್ಪಿಸಿ, ಮುಖ್ಯ ಇಂಜಿನಿಯರಾದ ಬಿ. ಆರ್. ಮಾಣಿಕಂ ಅವರ ಕೈಯಿಂದ ಕಟ್ಟಿಸಿದರು. ಉದ್ದ 700 ಅಡಿ, ಅಗಲ 350 ಅಡಿ. ಹೊರಗೆಲ್ಲ ನಮ್ಮ ನೆಲದ ಕಗ್ಗಲ್ಲು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಅದರ ಮುಖದ ಮೇಲಿದೆ. ಕಟ್ಟಲು ಹೊರಟಾಗ ಅದು ಹಳೆಯ ಮೈಸೂರಿನ 99 ಸದಸ್ಯರ ಸಭೆಗೆ. ಮುಗಿಯುವ ಹೊತ್ತಿಗೆ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಈ ಐದು ಕಡೆಯ ಕನ್ನಡಿಗರಿಗೆ. 1956ರ ಡಿಸೆಂಬರ್ 19ರಂದು ಆ ಎಲ್ಲರೂ ಹೊಸ ಸಭಾಂಗಣದಲ್ಲಿ ಮೊದಲ ಸಲ ಸೇರಿ, ಮುಂಬಯಿ ಪ್ರಾಂತದಿಂದ ಬಂದ ಎಸ್. ಆರ್. ಕಂಠಿಯವರನ್ನು ಸಭಾಧ್ಯಕ್ಷರನ್ನಾಗಿ ಆರಿಸಿದರು. ಹನುಮಂತಯ್ಯನವರು ಅಷ್ಟರಲ್ಲಿ ಮುಖ್ಯಮಂತ್ರಿಗಳಾಗಿ ಉಳಿದಿರಲಿಲ್ಲ. ಟೌನ್‌ಹಾಲಿನ ಮಹಬೂಬರಂತೆಯೇ ಇಲ್ಲಿಯೂ ಕಟ್ಟಿಸಿದವರು ಒಬ್ಬರು, ಕಟ್ಟಡ ಕಂಡ ಅಧಿಕಾರ ಇನ್ನೊಬ್ಬರದು.

ಈ ಕೂಡಿಕೆಯಿಂದ ಕನ್ನಡ ನಾಡಿಗೆ ಬಂದ ಭಾಗ್ಯವನ್ನು ನಾನು ವರ್ಣಿಸಬೇಕಾಗಿಲ್ಲ. ಈ ಸಂಚಿಕೆಯ ಬೇರೆ ಪುಟಗಳು ಆ ಕೆಲಸವನ್ನು ಮಾಡುತ್ತವೆ. ಆದರೆ ಲೆಕ್ಕದ ಎರಡೂ ಕಡೆಗಳನ್ನು ಬರೆಯುವುದು ನನ್ನ ಅಭ್ಯಾಸ. ಬೀದರದಿಂದ ಹೈದರಾಬಾದು ಸುಮಾರು 150 ಕಿಲೋಮೀಟರು. ಬೀದರದಿಂದ ಬೆಂಗಳೂರು ಸುಮಾರು 700. ಅಹವಾಲು ಹೊತ್ತ ಹಳ್ಳಿಗನಿಗೆ ಸಭೆಯ ಬಾಗಿಲು ಒಂದೇ ದಿನದಲ್ಲಿ ನಾಲ್ಕೈದು ಪಾಲು ದೂರವಾಯಿತು. ಆ ದೂರವನ್ನು ತುಂಬಲು ದೀರ್ಘಕಾಲ ಹಿಡಿಯಿತು. 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಗುಲ್ಬರ್ಗಕ್ಕೆ ಬಂತು. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿ ಸೇರಿ, ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಆ ಭಾಗಕ್ಕೆ ವಿಶೇಷ ಅವಕಾಶ ದೊರೆಯಿತು. ಅದೇ 2012ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ತೆರೆಯಿತು. ವರ್ಷಕ್ಕೊಮ್ಮೆ ಕೆಲವು ದಿನ ಅಧಿವೇಶನ ನಡೆದು ಉಳಿದ ದಿನ ಅದು ಬಿಕೋ ಎನ್ನುತ್ತದೆಂಬ ಟೀಕೆ ಕೇಳಿಬರುತ್ತದೆ. ಆದರೆ ಸಭೆ ಜನರ ಹತ್ತಿರಕ್ಕೆ ಬರಬೇಕೆಂಬ ಆಸೆಯನ್ನು ಅಲ್ಲಗಳೆಯಲಾಗದು.

ಲೆಕ್ಕದ ಇನ್ನೊಂದು ಬಾಬತ್ತು ನಮ್ಮದು, ಎಂದರೆ ಇಲ್ಲಿಯೇ ಉಳಿದವರದು. ರಾಜಧಾನಿ ಎಂದು ಈ ಊರಿಗೆ ಓದಲು, ವಕೀಲಿ ಮಾಡಲು, ನೌಕರಿ ಹುಡುಕಲು ಬಂದಿದ್ದ ಕನ್ನಡ ಕುಟುಂಬಗಳು ಒಂದು ಬೆಳಗಾಗುವುದರಲ್ಲಿ, ಕುಳಿತ ಜಾಗದಿಂದ ಕದಲದೆ, ಹೊರನಾಡಿನವರಾದರು. ಸಾಮಾನ್ಯವಾಗಿ ಜನ ಗಡಿ ದಾಟುತ್ತಾರೆ. ಇವರನ್ನು ಗಡಿಯೇ ದಾಟಿಹೋಯಿತು. ನಮ್ಮ ಶಾಖೆಗೆ ನಾರಾಯಣಖೇಡದ ಕಡೆಯ ವೃದ್ಧರೊಬ್ಬರು ಪಾಸ್‌ಬುಕ್ಕು ಬರೆಸಲು ಬರುತ್ತಿದ್ದರು. ತೆಲುಗಿನಲ್ಲಿ ವ್ಯವಹಾರ ಮುಗಿಸಿ, ನನ್ನ ಹೆಸರಿನ ಫಲಕವನ್ನು ಓದಿ, “ನೀವು ನಮ್ ಕಡಿಯೋರೇನ್ರಿ?” ಎಂದು ಒಮ್ಮೆ ಕೇಳಿದರು. ಹೌದೆಂದೆ. ಅನಂತರ ಪ್ರತಿ ಸಲವೂ ಎರಡು ಮಾತು ಕನ್ನಡದಲ್ಲಿ ಆಡಿಯೇ ಹೋಗುವರು. ಅವರು ಯಾವ ಊರಿಗೂ ವಲಸೆ ಹೋದವರಲ್ಲ.

ಆದರೆ 1956ರ ಕಾನೂನು ಇಂಥವರನ್ನು ಮರೆತಿರಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಗೆ ತಕ್ಕಂತೆ ಸಂವಿಧಾನವನ್ನು ಬದಲಿಸಿದ ಏಳನೆಯ ತಿದ್ದುಪಡಿಯೇ 350-ಎ ಎಂಬ ಹೊಸ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಸಿಗುವಂತೆ ಸಾಕಷ್ಟು ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ಆ ನವೆಂಬರ್ 1ರಂದು ಭಾಷೆಗೊಂದು ರಾಜ್ಯ ಎಂಬ ತತ್ತ್ವ ಜಾರಿಗೆ ಬಂದಂತೆಯೇ, ರಾಜ್ಯದಲ್ಲಿ ಬೇರೆ ಭಾಷೆಗೂ ಜಾಗವಿರಬೇಕೆಂಬ ತತ್ತ್ವವೂ ಜಾರಿಗೆ ಬಂತು. ಮೊದಲನೆಯದಕ್ಕೆ ನಾವು ಪ್ರತಿವರ್ಷ ಆರತಿ ಎತ್ತುತ್ತೇವೆ; ಎರಡನೆಯದನ್ನು ನೆನೆಯುವುದೇ ಇಲ್ಲ. ಹೊರನಾಡ ಕನ್ನಡಿಗನಿಗೆ ರಾಜ್ಯೋತ್ಸವದ ಅರ್ಥ ಈ ಎರಡನ್ನೂ ಕೂಡಿಸಿದಾಗಲೇ ಪೂರ್ಣವಾಗುವುದು.

ಆ ಎರಡನೆಯ ಹಕ್ಕನ್ನು ಕೇಳಬೇಕಾದ ಸ್ಥಳ ವಿಧಾನಸೌಧವಲ್ಲ, ಇಲ್ಲಿಯ ಸಭೆ. ಟೌನ್‌ಹಾಲು ಇಕ್ಕಟ್ಟಾದಾಗ ಅದರ ಪಕ್ಕದಲ್ಲಿಯೇ ಹೊಸ ಸಭಾಭವನ ಎದ್ದು 1985ರಲ್ಲಿ ಸಿದ್ಧವಾಯಿತು. 2014ರಲ್ಲಿ ರಾಜ್ಯ ಎರಡಾದಾಗ ಒಂದೇ ಆವರಣದಲ್ಲಿ ಎರಡು ರಾಜ್ಯಗಳ ಸಭೆಗಳು ಕೆಲವು ಕಾಲ ನಡೆದವು. 2017ರ ಮಾರ್ಚಿಯಲ್ಲಿ ಆಂಧ್ರಪ್ರದೇಶದ ಸಭೆ ಅಮರಾವತಿಯ ವೆಲಗಪೂಡಿಗೆ ಹೋಯಿತು. ಒಮ್ಮೆ ನಾವು ಬಿಟ್ಟುಹೋದ ಮನೆಯನ್ನು ಅವರೂ ಬಿಟ್ಟುಹೋದರು. ಈಚಿನ ವರ್ಷಗಳಲ್ಲಿ ಹಳೆಯ ಕಟ್ಟಡದ ಜೀರ್ಣೋದ್ಧಾರವನ್ನು ತೆಲಂಗಾಣ ಸರ್ಕಾರ ಕೈಗೊಂಡಿತು. ಇಲ್ಲಿ ಆಗುವ ಕಾಯಿದೆಗಳು ನಮ್ಮ ಮನೆಯೊಳಕ್ಕೆ ಬರುತ್ತವೆ. 2018ರಲ್ಲಿ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿದ ಕಾಯಿದೆ ಈ ಸಭೆಯದೇ. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಕಾಯಿದೆ ಮಾಡಿರುವುದರಿಂದ ಇದನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ. ಊರಿನ ಭಾಷೆಯನ್ನು ಕಲಿಯುವುದು ಧರ್ಮವೇ. ಆದರೆ ತೆಲುಗಿನ ಜೊತೆಗೆ ಕನ್ನಡಕ್ಕೂ ತರಗತಿಯಲ್ಲಿ ಒಂದು ಪಾಠದ ವೇಳೆ, ಒಬ್ಬ ಉಪಾಧ್ಯಾಯರು ಬೇಕೆಂದು ಕೇಳಲು ಸಂವಿಧಾನ ನಮಗೆ ಬಾಯಿ ಕೊಟ್ಟಿದೆ. ಆ ಬಾಯಿಯನ್ನು ರಾಜ್ಯೋತ್ಸವದ ಹಾಡಿಗೆ ಮಾತ್ರ ಬಳಸಿದರೆ ಸಾಲದು.

ಶಾಸನಸಭೆಯ ಕಟ್ಟಡವನ್ನು ಸದಸ್ಯರು ಮಾತ್ರವೇ ಉಪಯೋಗಿಸತಕ್ಕದ್ದೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಪ್ರಶ್ನೋತ್ತರದ ವೇಳೆಯಲ್ಲಿ ಶಾಸಕರು ಕೇಳುವ ಪ್ರಶ್ನೆಯನ್ನು ಅವರಿಗೆ ಮುಟ್ಟಿಸಬೇಕಾದವರು ನಾವು. ಸಾರ್ವಜನಿಕರ ಅರ್ಜಿಗಳನ್ನು ಪರಿಶೀಲಿಸಲು ಸಭೆಯ ಸಮಿತಿಯೊಂದಿರುತ್ತದೆ. ಮೇಲಿನ ಪ್ರೇಕ್ಷಕರ ಗ್ಯಾಲರಿ ಪಾಸು ಪಡೆದು ಬರುವ ನಾಗರಿಕರಿಗಾಗಿಯೇ ಇದೆ. ಮತದಾರರ ಪಟ್ಟಿಯಲ್ಲಿ ಹೆಸರು ಊರಲ್ಲಿಯೇ ಇರಲಿ ಎಂದು ಬಿಟ್ಟು, ಇಲ್ಲಿ ಇಪ್ಪತ್ತು ವರ್ಷ ಬಾಳಿ, ಇಲ್ಲಿಯ ಶಾಸಕರ ಹೆಸರನ್ನೂ ತಿಳಿಯದ ಕುಟುಂಬಗಳು ನಮ್ಮ ನಡುವೆ ಇವೆ. ಹೆಸರೇ ಇಲ್ಲದ ಖಾತೆಯಿಂದ ಹಣ ತೆಗೆಯಲು ಬಂದವನಿಗೆ ನಾನು ಕೌಂಟರಿನಲ್ಲಿ ಏನು ಹೇಳಬೇಕಾಗುವುದೋ, ಸಭೆಯೂ ಅವರಿಗೆ ಅದನ್ನೇ ಹೇಳುತ್ತದೆ.

ಆದುದರಿಂದ ನಮ್ಮ ಸಂಘದ ಹಿರಿಯರಲ್ಲಿ ಎರಡು ಬಿನ್ನಹಗಳು. ಮುಂದಿನ ಮುಂಗಡಪತ್ರದ ಅಧಿವೇಶನಕ್ಕೆ, ನಮ್ಮ ಪ್ರದೇಶದ ಶಾಸಕರ ಮೂಲಕ ಪಾಸು ಪಡೆದು, ನಮ್ಮ ಪ್ರೌಢಶಾಲೆಯ ಹತ್ತು ಮಕ್ಕಳನ್ನು ಗ್ಯಾಲರಿಗೆ ಕರೆದೊಯ್ಯೋಣ. ಹೋಗುವ ದಾರಿಯಲ್ಲಿ ಹಳೆಯ ಟೌನ್‌ಹಾಲಿನ ಮುಂದೆ ಐದು ನಿಮಿಷ ನಿಂತು, ಅಲ್ಲಿ ಕುಳಿತಿದ್ದ ಬೀದರ, ಗುಲ್ಬರ್ಗ, ರಾಯಚೂರಿನವರ ಹೆಸರುಗಳನ್ನು ಹೇಳೋಣ. ಎರಡನೆಯದು, ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಪ್ರತಿಯೊಂದು ಕುಟುಂಬದವರೂ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿ ನೋಡಲಿ. ಇರದಿದ್ದರೆ ಬರೆಸಲು ಬೇಕಾದ ಅರ್ಜಿಯನ್ನು ತುಂಬಿಕೊಡಲು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಮೇಜು ಹಾಕಿಕೊಂಡು ಕೂರಲು ನಾನು ಸಿದ್ಧನಿದ್ದೇನೆ.